ನೈಋತ್ಯದ ಕೋಣೆ

ಆ ಗೋಡೆಯ ಎರಡು ಗಾಳಿಕಂಡಿಗಳನ್ನು ಮುಚ್ಚಿದವನು ಗೋಪೀನಾಥನೇ. ಬೇರೆ ಯಾರ ಕೈಯೂ ಅವುಗಳಿಗೆ ತಾಗಿರಲಿಲ್ಲ. ಕಳೆದ ನವೆಂಬರಿನ ಒಂದು ಶನಿವಾರ, ಸಿಡ್ನಿಯ ಬ್ಲ್ಯಾಕ್‌ಟೌನಿನಲ್ಲಿ, ಏಣಿ ಹತ್ತಿ ಕಂಡಿಗಳೊಳಗೆ ಸ್ಪಂಜು ತುರುಕಿದ್ದ. ಮೇಲೆ ಪ್ಲಾಸ್ಟರ್ ಬಳಿದಿದ್ದ. ಒಣಗಿದ ಮೇಲೆ ಎರಡು ಸಲ ಬಿಳಿ ಬಣ್ಣ ಹೊಡೆದು, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದ್ದ. ಅಲ್ಲಿ ಹಿಂದೊಮ್ಮೆ ಕಂಡಿಗಳಿದ್ದವೆಂದು ಕಟ್ಟಿದ ಮೇಸ್ತ್ರಿಗೂ ಗೊತ್ತಾಗುವಂತಿರಲಿಲ್ಲ. ಫೋಟೋ ತೆಗೆದು ಹೆಂಡತಿಗೆ ಕಳಿಸಿದ್ದ. ‘ಪರವಾಗಿಲ್ವೇ, ಕೆಲಸ ಹೋದ್ರೂ ಪೇಂಟರ್ ಆಗಿ ಬದುಕ್ತೀರಿ’ ಎಂದು ಮೆಲ್ಬರ್ನಿನಿಂದ ವಿಜಯಾ ಉತ್ತರ ಬರೆದಿದ್ದಳು.

ಅದು ಅವರ ಮೊದಲ ಹೂಡಿಕೆಯ ಮನೆ.

ಮೆಲ್ಬರ್ನಿನ ಡಾಕ್‌ಲ್ಯಾಂಡ್ಸಿನ ಬ್ಯಾಂಕೊಂದರ ಹದಿನಾಲ್ಕನೆಯ ಮಹಡಿಯಲ್ಲಿ ಗೋಪೀನಾಥನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಅಭಿನವ ವಯಸ್ಸಿನಲ್ಲಿ ಅವನಿಗಿಂತ ಹತ್ತು ವರ್ಷ ಚಿಕ್ಕವನು. ಆದರೆ ಮೂರು ಮನೆಗಳ ಒಡೆಯ. ಊಟದ ಡಬ್ಬಿ ಬಿಚ್ಚುವ ಹೊತ್ತಿಗೆಲ್ಲ ಅವನ ಉಪನ್ಯಾಸ ಶುರುವಾಗುತ್ತಿತ್ತು.

"ಸರ್, ನೀವಿರೋ ಕ್ರೇಗಿಬರ್ನ್ ಮನೆ ಎಂಟು ವರ್ಷದಿಂದ ಸುಮ್ನೆ ನಿದ್ದೆ ಹೊಡೀತಿದೆ. ಬೆಲೆ ಏರಿದೆ, ಸಾಲ ಇಳಿದಿದೆ. ಮಧ್ಯದಲ್ಲಿರೋ ಈಕ್ವಿಟಿ ಯಾರದ್ದು? ನಿಮ್ಮದೇ. ಎಬ್ಬಿಸಿ ಕೆಲಸಕ್ಕೆ ಹಚ್ಚಿ."

"ನಂಗೆ ಇದೆಲ್ಲ ಗೊತ್ತಾಗಲ್ಲ ಕಣಯ್ಯಾ."

"ನಂಗೂ ಗೊತ್ತಿರಲಿಲ್ಲ. ಮೊದಲನೇ ಮನೆ ಮಾತ್ರ ಕಷ್ಟ ಸರ್, ಆಮೇಲಿನದ್ದು ಮೊದಲನೇದೇ ಕೊಡಿಸುತ್ತೆ. ಒಂದೇ ಒಂದು ವಿಷಯ ನೆನಪಿಟ್ಕೊಳ್ಳಿ, ಏಜೆಂಟ್ ಕೈಗೆ ಮನೆ ಕೊಡಬೇಡಿ. ಕಮಿಷನ್ ದಂಡ. ನಮ್ಮವರನ್ನೇ ಯಾರನ್ನಾದ್ರೂ ಇಟ್ಕೊಳ್ಳಿ. ಇನ್ನೊಂದು, ಮೂರು ಬೆಡ್‌ರೂಮ್ ಮನೇಲಿ ಎರಡನೇ ಹಾಲ್ ಇದ್ರೆ ಒಂದು ಗೋಡೆ ಎಬ್ಬಿಸಿ ಬಾಗಿಲಿಡಿ. ನಾಲ್ಕು ಬೆಡ್‌ರೂಮ್! ಬಾಡಿಗೆ ಎಲ್ಲಿಗೆ ಹೋಗುತ್ತೆ ನೋಡಿ."

ಗೋಪೀನಾಥ ಅಭಿನವ ಹೇಳಿದ್ದನ್ನೆಲ್ಲ ಅಕ್ಷರಶಃ ಪಾಲಿಸಿದ. ಬ್ಲ್ಯಾಕ್‌ಟೌನಿನಲ್ಲಿ ಐವತ್ತು ವರ್ಷ ಹಳೆಯ ಇಟ್ಟಿಗೆಯ ಮನೆ ಸಿಕ್ಕಿತು. ಕೊಳ್ಳುವ ಮೊದಲು ಕಟ್ಟಡ ಪರೀಕ್ಷಕನಿಂದ ಅರುವತ್ತೆರಡು ಪುಟದ ವರದಿ ಬಂತು. ಮೊದಲ ನಾಲ್ಕು ಪುಟದ ಸಾರಾಂಶವನ್ನು ಓದಿ, ‘ದೊಡ್ಡ ದೋಷಗಳಿಲ್ಲ’ ಎಂಬ ಸಾಲಿನ ಕೆಳಗೆ ಗೆರೆ ಎಳೆದು, ಉಳಿದದ್ದನ್ನು ಓದುವ ಗೋಜಿಗೆ ಹೋಗಲಿಲ್ಲ. ಹಿಂಭಾಗದ ಎರಡನೆಯ ಹಾಲಿಗೆ ಗೋಡೆ ಎಬ್ಬಿಸಿ ಬಾಗಿಲಿಟ್ಟ. ಕೌನ್ಸಿಲ್ಲಿನ ಅನುಮತಿ ಕೇಳಲಿಲ್ಲ. ಆ ಕೋಣೆಯ ಮೂಲೆಯಲ್ಲೊಂದು ಹಳೆಯ ಗ್ಯಾಸ್ ಹೀಟರ್ ಇತ್ತು. ಹೊಗೆ ಹೊರಹೋಗಲು ಕೊಳವೆಯಿಲ್ಲದೆ ಕೋಣೆಯೊಳಗೇ ಉರಿಯುವ ಬಗೆಯದು. ಒಂದೇ ಗುಂಡಿ ಒತ್ತಿದರೆ ಹತ್ತು ನಿಮಿಷದಲ್ಲಿ ಬೆಚ್ಚಗಾಗುತ್ತಿತ್ತು.

ವಿಜಯಾ ಹಾಕಿದ್ದು ಒಂದೇ ಷರತ್ತು. ಮನೆಯ ನಕ್ಷೆಯನ್ನೂ ಫೋಟೋಗಳನ್ನೂ ಮೈಸೂರಿನಲ್ಲಿರುವ ತನ್ನ ಸೋದರಮಾವ ನಾರಾಯಣನಿಗೆ ತೋರಿಸಬೇಕು. ವಿದ್ಯುತ್ ಇಲಾಖೆಯಿಂದ ನಿವೃತ್ತನಾದ ಮೇಲೆ ನಾರಾಯಣ ಬಂಧುಬಳಗದ ಮನೆಗಳ ವಾಸ್ತು ನೋಡುವುದರಲ್ಲಿ ಕಾಲ ಕಳೆಯುತ್ತಿದ್ದ. ಕಾಸು ಮುಟ್ಟುತ್ತಿರಲಿಲ್ಲ, ಆದ್ದರಿಂದ ಅವನ ಮಾತಿಗೆ ತೂಕ ಹೆಚ್ಚು. ಅರ್ಧ ಗಂಟೆಯಲ್ಲಿ ವಾಯ್ಸ್ ಮೆಸೇಜ್ ಬಂತು.

"ವಿಜೀ, ಮನೆ ಚೆನ್ನಾಗಿದೆಯಮ್ಮ, ಬಾಗಿಲು ಪೂರ್ವಕ್ಕಿದೆ. ಆದ್ರೆ ಆ ಹಿಂದಿನ ಕೋಣೆ ನೈಋತ್ಯ. ಅಲ್ಲಿ ಗೋಡೆ ಮೇಲೆ ಅದೇನದು, ಎರಡು ತೂತು? ನೈಋತ್ಯ ಭಾರವಾಗಿರಬೇಕು, ಮುಚ್ಚಿರಬೇಕು. ಅಲ್ಲಿ ತೂತಿದ್ರೆ ಯಜಮಾನನ ಕೈಲಿ ಕಾಸು ನಿಲ್ಲೋಲ್ಲ. ಮುಚ್ಚಿಸಿಬಿಡಿ. ಮತ್ತೆ ಮನೇಲಿ ಹಿರಿಯರಿದ್ರೆ ಆ ಕೋಣೇಲೇ ಮಲಗ್ಲಿ, ಶ್ರೇಯಸ್ಸು."

ಹೀಗೆ ಮುಚ್ಚಿದ್ದು.

ಫೆಬ್ರವರಿಯಲ್ಲಿ ಬಾಡಿಗೆಗೆ ಬಂದವರು ದರ್ಶನ್ ಮತ್ತು ಆರತಿ. ಗದಗದ ಕಡೆಯವರು. ಹುಡುಗ ಸಾಫ್ಟ್‌ವೇರಿನವನು, ಈ ದೇಶಕ್ಕೆ ಬಂದು ಆರು ವಾರವಾಗಿತ್ತಷ್ಟೆ. ಹಳೆಯ ಬಾಡಿಗೆಯ ದಾಖಲೆಯಿಲ್ಲವೆಂದು ಹದಿನೇಳು ಏಜೆಂಟರು ಅವನನ್ನು ವಾಪಸು ಕಳಿಸಿದ್ದರು. ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಗೋಪೀನಾಥನ ಜಾಹೀರಾತು ನೋಡಿ ಫೋನ್ ಮಾಡಿದ. ಹತ್ತು ನಿಮಿಷದ ಮಾತಿನಲ್ಲಿ ಮನೆ ಸಿಕ್ಕಿತು. ಅಂದಿನಿಂದ ದರ್ಶನ್ ಯಾವುದಕ್ಕೂ ದೂರು ಹೇಳಲಿಲ್ಲ. ನಲ್ಲಿ ಸೋರಿದರೆ ತಾನೇ ರಿಪೇರಿ ಮಾಡಿಸಿ ಬಿಲ್ಲನ್ನೂ ಕಳಿಸುತ್ತಿರಲಿಲ್ಲ. ಕಷ್ಟದಲ್ಲಿ ಕೈಹಿಡಿದವರಿಗೆ ಕಿರಿಕಿರಿ ಮಾಡಬಾರದೆಂಬ ದಾಕ್ಷಿಣ್ಯ. ಎಂಥ ಒಳ್ಳೆಯ ಟೆನೆಂಟ್ ಸಿಕ್ಕಿದ ಎಂದು ಗೋಪೀನಾಥ ಅಭಿನವನೆದುರು ಬೀಗಿದ್ದ.

ಆರತಿ ಬಸುರಿ. ಅವಳಿಗೆ ತಾಯಿಯಿರಲಿಲ್ಲ. ಬಾಣಂತನಕ್ಕೆಂದು ಮೇ ತಿಂಗಳಲ್ಲಿ ದರ್ಶನನ ತಾಯಿ ಮಲ್ಲವ್ವ ಬಂದಳು. ಜುಲೈ ಮೊದಲ ವಾರ ಹೆಣ್ಣು ಮಗು ಹುಟ್ಟಿತು. ಸಿಡ್ನಿಯ ಚಳಿ ಇಟ್ಟಿಗೆಯ ಗೋಡೆಗಳಿಂದ ಒಳಗಿಳಿಯುವ ಕಾಲ. ಮನೆಯಲ್ಲೆಲ್ಲ ಬೆಚ್ಚಗಿನ ಕೋಣೆ ಹಿಂಭಾಗದ್ದು. ಬಾಣಂತಿ, ಕೂಸು, ಅಜ್ಜಿ ಮೂವರೂ ಅಲ್ಲೇ ಬಿಡಾರ ಹೂಡಿದರು.

*

ಆ ಶುಕ್ರವಾರ ಗೋಪೀನಾಥ ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಕ್ರೇಗಿಬರ್ನ್ ಮನೆಯ ಹೀಟರಿನ ಸರ್ವಿಸ್ ಮಾಡಲು ಎಪ್ಪತ್ತರ ಹತ್ತಿರದ ಗ್ರೀಕ್ ಪ್ಲಂಬರನೊಬ್ಬ ಬಂದಿದ್ದ. ಕೈಯಲ್ಲಿ ಫೋನಿನಷ್ಟು ಚಿಕ್ಕ ಯಂತ್ರವೊಂದನ್ನು ಹಿಡಿದು ಕೋಣೆ ಕೋಣೆ ತಿರುಗಿದ. ಅದೇನೆಂದು ವಿಜಯಾ ಕುತೂಹಲದಿಂದ ಕೇಳಿದಳು.

ಮುದುಕನಿಗೆ ಮಾತು ಬೇಕಿತ್ತು. ಗ್ಯಾಸು ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಹುಟ್ಟುತ್ತದೆ, ಇದು ಅದನ್ನು ಅಳೆಯುವ ಯಂತ್ರ ಎಂದ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮೊದಲು ತಲೆನೋವು, ಆಮೇಲೆ ಹೊಟ್ಟೆ ತೊಳಸುವುದು, ಆಮೇಲೆ ನಿದ್ದೆ. ನಿಮ್ಮದು ಹೊಸ ಹೀಟರ್, ಹೊಗೆ ಚಾವಣಿಯಿಂದ ಆಚೆಗೆ ಹೋಗುತ್ತದೆ, ಹೆದರಬೇಡಿ. ಸಿಡ್ನಿಯಲ್ಲಿ ಈಗಲೂ ಕೋಣೆಯೊಳಗೇ ಉರಿಯುವ ಹಳೆಯ ಡಬ್ಬಗಳಿವೆ. ಅವು ಇರುವ ಕೋಣೆಯ ಗಾಳಿಕಂಡಿಯನ್ನು ಯಾರಾದರೂ ಮೂರ್ಖರು ಮುಚ್ಚಿದರೆ ಮುಗಿಯಿತು ಎಂದು, ಕುತ್ತಿಗೆಯ ಮೇಲೆ ಬೆರಳನ್ನು ಅಡ್ಡ ಎಳೆದು ತೋರಿಸಿ, ಚಹಾದ ಲೋಟ ಕೆಳಗಿಟ್ಟ.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು.

ಪ್ಲಂಬರನ ವ್ಯಾನು ಬೀದಿ ದಾಟಿದಾಗ ಗಂಟೆ ಐದು. ಗೋಪೀನಾಥ ಲ್ಯಾಪ್‌ಟಾಪ್ ತೆರೆದು ಅರುವತ್ತೆರಡು ಪುಟದ ವರದಿಯನ್ನು ಹುಡುಕಿದ. ಮೂವತ್ತೆಂಟನೆಯ ಪುಟದಲ್ಲಿ ಆ ಕೋಣೆಯ ಫೋಟೋ ಇತ್ತು. ಎರಡು ಕಂಡಿಗಳ ಸುತ್ತ ಕೆಂಪು ವೃತ್ತ. ಕೆಳಗೆ ದಪ್ಪ ಅಕ್ಷರಗಳಲ್ಲಿ ಒಂದು ಸಾಲು: ಈ ಹೀಟರ್ ಇರುವವರೆಗೆ ಇವುಗಳನ್ನು ಯಾವ ಕಾರಣಕ್ಕೂ ಮುಚ್ಚಕೂಡದು, ಈ ಕೋಣೆಯನ್ನು ಮಲಗಲು ಬಳಸಕೂಡದು.

ಲ್ಯಾಪ್‌ಟಾಪನ್ನು ವಿಜಯಾಳ ಕಡೆಗೆ ತಿರುಗಿಸಿದ.

"ಫೋನ್ ಮಾಡ್ರೀ. ಈಗ್ಲೇ," ಎಂದಳು ವಿಜಯಾ.

"ಮಾಡ್ತೀನಿ. ಏನಂತ ಹೇಳೋದು ಅಂತ ಯೋಚಿಸ್ತಿದೀನಿ."

"ಯೋಚಿಸೋದೇನಿದೆ? ಹೀಟರ್ ಆರಿಸಿ, ಆ ರೂಮಿಂದ ಆಚೆ ಬನ್ನಿ ಅನ್ನಿ."

"ಯಾಕೆ ಅಂತ ಕೇಳಿದ್ರೆ? ಅನುಮತಿ ಇಲ್ದೆ ಗೋಡೆ ಎಬ್ಬಿಸಿದೀನಿ, ವೆಂಟ್ ಮುಚ್ಚಿದೀನಿ. ಇನ್ಶೂರೆನ್ಸ್ ಗೋವಿಂದ. ಸೋಮವಾರ ಬ್ಯಾಂಕಿನ ವ್ಯಾಲ್ಯುಯರ್ ಆ ಮನೆಗೆ ಬೆಲೆ ಕಟ್ಟೋಕೆ ಬರ್ತಾನೆ ವಿಜಯಾ. ಅವನ ರಿಪೋರ್ಟ್ ಮೇಲೆ ಎರಡನೇ ಮನೆ ಸಾಲ ನಿಂತಿದೆ. ಇವತ್ತು ದರ್ಶನ್‌ಗೆ ಹೇಳಿದ್ರೆ ನಾಳೆ ಇಡೀ ಗ್ರೂಪಿಗೆ ಗೊತ್ತಾಗುತ್ತೆ."

"ಅಲ್ಲಿ ಹಸುಗೂಸಿದೆ!"

"ಗೊತ್ತು. ಬೆಳಿಗ್ಗೆ ಮೊದಲ ಫ್ಲೈಟಲ್ಲಿ ನಾನೇ ಹೋಗ್ತೀನಿ. ಮಗು ನೋಡೋಕೆ ಬಂದೆ ಅಂತೀನಿ, ಗೋಡೇಲಿ ತೇವ ಇದೆ ಅಂತ ಏನೋ ಹೇಳಿ ಎರಡೂ ಕಂಡಿ ಒಡೆದು ಬರ್ತೀನಿ. ಅರ್ಧ ಗಂಟೆ ಕೆಲಸ. ಇಷ್ಟು ದಿನ ಏನೂ ಆಗಿಲ್ವಲ್ಲ, ಒಂದು ರಾತ್ರಿಗೆ ಏನಾಗುತ್ತೆ? ಹೀಟರ್ ಮಾತ್ರ ಉರಿಸಬೇಡಿ ಅಂತ ಈಗ ಹೇಳ್ತೀನಿ."

ವಿಜಯಾಳ ಮೌನವನ್ನು ಅವನು ಒಪ್ಪಿಗೆಯೆಂದು ತೆಗೆದುಕೊಂಡ.

ಟಿಕೆಟ್ ಬುಕ್ ಮಾಡಿ, ಹೇಳಬೇಕಾದ್ದನ್ನು ಮನಸ್ಸಿನಲ್ಲಿ ನಾಲ್ಕು ಸಲ ಉರುಹೊಡೆದು, ಅವನು ಫೋನ್ ಮಾಡಿದಾಗ ಗಂಟೆ ಆರೂವರೆ.

"ನಮಸ್ಕಾರ ಸರ್! ಅರಾಮಿದ್ದೀರಿ?" ದರ್ಶನನ ದನಿಯಲ್ಲಿ ಸಂಭ್ರಮವಿತ್ತು. "ರವಿವಾರ ತೊಟ್ಟಿಲಕ್ಕ ಹಾಕ್ತೀವಿ. ನೀವು ಫ್ಯಾಮಿಲಿ ಸಮೇತ ಬರಬೇಕಾಗಿತ್ತು ನೋಡ್ರಿ."

"ಬರ್ತೀನಪ್ಪ, ನಾಳೆನೇ ಬರ್ತಿದೀನಿ, ಮಗು ನೋಡೋಕೆ. ಎಲ್ಲರೂ ಹೇಗಿದೀರಿ?"

"ಎಲ್ಲಾ ಚಲೋ ಸರ್. ಅವ್ವಗ ಸ್ವಲ್ಪ ತಲಿನೋವು. ಆರತಿಗೂ. ನಿದ್ದಿ ಇಲ್ಲಲ್ಲರಿ, ಕೂಸು ಕುಂದ್ರಗೊಡಂಗಿಲ್ಲ, ಮಲಗಗೊಡಂಗಿಲ್ಲ."

ಗೋಪೀನಾಥನಿಗೆ ಪ್ಲಂಬರನ ಮಾತು ನೆನಪಾಯಿತು. ಮೊದಲು ತಲೆನೋವು. ಮಾತು ತುಟಿಯವರೆಗೆ ಬಂತು, ಅಲ್ಲೇ ನಿಂತಿತು.

"ಅದೇ ದರ್ಶನ್, ಆ ಹೀಟರ್ ಹಳೇದು. ಬುಧವಾರ ಸರ್ವಿಸ್ ಮಾಡಿಸ್ತೀನಿ. ಅಲ್ಲೀತನಕ ಉರಿಸಬೇಡಿ. ಗ್ಯಾಸೂ ಜಾಸ್ತಿ ತಿನ್ನುತ್ತೆ."

"ಗ್ಯಾಸ್ ಬಿಲ್ಲು ನಾವ ತುಂಬ್ತೀವಲ್ರಿ ಸರ್..."

ಅಷ್ಟರಲ್ಲಿ ಫೋನು ಕೈ ಬದಲಾಯಿತು.

"ಏನ್ರಿ ಮಾಲಕರ, ಬಾಣಂತಿ ಅದಾಳ್ರಿ ಮನ್ಯಾಗ!" ಮಲ್ಲವ್ವನ ದನಿ. "ಬೆಂಕಿ ಆರಸಂತೀರಿ, ಥಂಡಿ ಹಿಡದ್ರ ನೀವು ಕಷಾಯ ಕಾಸಾಕ ಬರ್ತೀರೇನು?"

"ಹಾಗಲ್ಲಮ್ಮಾ. ಉರಿಸಲೇಬೇಕು ಅಂದ್ರೆ ಕಿಟಕಿ ಸ್ವಲ್ಪ ತೆಗೆದಿಡಿ, ಗಾಳಿ ಆಡ್ಲಿ."

ಆಚೆಯಿಂದ ದೊಡ್ಡ ನಗು ಕೇಳಿಸಿತು. "ಬಾಣಂತಿ ಖೋಲಿ ಕಿಡಕಿ ತಗಿ ಅಂತಾರಲ್ಲೋ ದರ್ಶ್ಯಾ! ತಮ್ಮಾ, ನಿಮ್ಮನ್ನ ಹಡದಾಗ ನಿಮ್ಮವ್ವನ್ನ ಅಂಗಳದಾಗ ಮಲಗಿಸಿದ್ರೇನು?"

ಗೋಪೀನಾಥನೂ ನಕ್ಕ. ನಗಬೇಕಾಯಿತು. ಫೋನು ಇಟ್ಟ ಮೇಲೆ, ಹೇಳಿದೆನಲ್ಲ ಎಂದು ತನಗೆ ತಾನೇ ಹೇಳಿಕೊಂಡ.

*

ಶನಿವಾರ ಬೆಳಿಗ್ಗೆ ಮೆಲ್ಬರ್ನ್ ವಿಮಾನ ನಿಲ್ದಾಣವನ್ನು ಮಂಜು ನುಂಗಿತ್ತು. ಕಿಟಕಿಯಾಚೆ ನಿಂತ ವಿಮಾನದ ಬಾಲವೂ ಕಾಣಿಸುತ್ತಿರಲಿಲ್ಲ. ಏಳರ ಹಾರಾಟ ಎಂಟಕ್ಕೆ ಹೋಯಿತು, ಎಂಟರದ್ದು ಒಂಬತ್ತಕ್ಕೆ. ಗೋಪೀನಾಥ ಉಳಿಯನ್ನೂ ಸುತ್ತಿಗೆಯನ್ನೂ ಟವೆಲಿನಲ್ಲಿ ಸುತ್ತಿ, ವಿಮಾನದ ಹೊಟ್ಟೆಗೆ ಹೋಗುವ ಬ್ಯಾಗಿನಲ್ಲಿಟ್ಟು ಕೊಟ್ಟಿದ್ದ. ಕುರ್ಚಿಯಲ್ಲಿ ಕೂರಲಾರದೆ ಗಾಜಿನ ಉದ್ದಕ್ಕೂ ಅಡ್ಡಾಡಿದ. ಎಂಟೂಮುಕ್ಕಾಲಕ್ಕೆ ದರ್ಶನ್‌ಗೆ ಫೋನ್ ಮಾಡಿದ.

"ನೀವು ಹೇಳಿದ್ರಿ ಅಂತ ರಾತ್ರಿ ಹೀಟರ್ ಬಂದ್ ಮಾಡಿದ್ದೆ ಸರ್. ಅವ್ವ ಬೈದ್ಲು, ಬೈದ್ರ ಬೈಲಿ ಅಂತ ಸುಮ್ಮನಾದೆ. ಚಂದ ನಿದ್ದಿ ಬಂತು ನೋಡ್ರಿ ಎಲ್ಲಾರಿಗೂ. ಎಲ್ಲಾರ ತಲಿನೋವೂ ಹೋಗೈತಿ!"

ಹೀಟರ್ ಆರಿತ್ತು, ತಲೆನೋವು ಹೋಯಿತು. ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಯಾವ ನ್ಯಾಯಾಲಯಕ್ಕೂ ಬೇಕಾಗಿರಲಿಲ್ಲ. ಆಗ ಹೇಳಬಹುದಿತ್ತು. ಇನ್ನೂ ಹೊತ್ತಿತ್ತು. ಆದರೆ ಗೋಪೀನಾಥನ ಎದೆಯಲ್ಲಿ ಉಕ್ಕಿದ್ದು ನಿರಾಳ. ಗಂಡಾಂತರ ಕಳೆಯಿತು, ಇನ್ನು ಯಾರಿಗೂ ತಿಳಿಯದಂತೆ ಕಂಡಿ ಒಡೆದರೆ ಸರಿ ಎಂಬ ನಿರಾಳ.

"ಒಳ್ಳೇದಾಯ್ತು ಕಣಯ್ಯಾ," ಎಂದ.

"ಇವತ್ತ ಹನ್ನೊಂದನೇ ದಿನ ಸರ್. ಅವ್ವ ದೊಡ್ಡ ನೀರು ಹಾಕ್ತಾಳ ಇಬ್ಬರಿಗೂ. ನಾ ತೊಟ್ಟಿಲ ಸಾಮಾನು ತರಾಕ ಹೊಂಟೇನಿ. ಬರೋದ್ರಾಗ ನೀವ ಬಂದ್ರ ಬೆಲ್ ಮಾಡ್ರಿ, ಅವ್ವ ಇರ್ತಾಳ."

ಬಾಣಂತಿಯ ದೊಡ್ಡ ಎರೆತ ಹೇಗಿರುತ್ತದೆಂದು ಗೋಪೀನಾಥನಿಗೆ ಗೊತ್ತಿತ್ತು. ವಿಜಯಾಳ ಬಾಣಂತನದಲ್ಲಿ ಕಂಡಿದ್ದ. ಮೈ ಕೆಂಪಾಗುವಷ್ಟು ಬಿಸಿನೀರು, ಆಮೇಲೆ ಧೂಪದ ಹೊಗೆ, ತಲೆಗೆ ಕಿವಿಗೆ ಬಟ್ಟೆ, ಮೇಲೆ ರಗ್ಗು, ಗಾಳಿಯಾಡದ ಕೋಣೆಯಲ್ಲಿ ಬೆವರು ಬಿಡುವವರೆಗೆ ನಿದ್ದೆ. ಎರೆದ ಮೇಲೆ ಬೆಂಕಿ ಬೇಕೇ ಬೇಕು. ಇದು ಅವನಿಗೆ ಹೊಳೆದದ್ದು ಒಂಬತ್ತೂಕಾಲಕ್ಕೆ, ವಿಮಾನದ ಬಾಗಿಲು ಮುಚ್ಚಿ, ಫೋನುಗಳನ್ನು ಆರಿಸಿರೆಂದು ಪ್ರಕಟಣೆ ಬಂದಾಗ. ‘ಹೀಟರ್ ಹಚ್ಚಲೇಬೇಡಿ, ಅಪಾಯ’ ಎಂದು ಟೈಪ್ ಮಾಡಿ ಕಳಿಸಿದ. ದರ್ಶನನ ಫೋನಿಗೆ ಅದು ತಲುಪಿತೋ ಇಲ್ಲವೋ ನೋಡುವ ಮೊದಲೇ ಸಂಪರ್ಕ ಕಡಿಯಿತು.

ಸಿಡ್ನಿಯಲ್ಲಿ ಇಳಿದಾಗ ಹತ್ತು ಐವತ್ತು. ಸಂದೇಶ ತಲುಪಿತ್ತು, ಆದರೆ ಓದಿರಲಿಲ್ಲ. ಫೋನ್ ಮಾಡಿದ. ರಿಂಗಾಯಿತು, ಎತ್ತಲಿಲ್ಲ. ಆರತಿಯ ನಂಬರಿಗೆ ಮಾಡಿದ. ಅದೂ ಅಷ್ಟೆ. ಬ್ಯಾಗು ಬರಲಿ ಎಂದು ಸುತ್ತುವ ಪಟ್ಟಿಯ ಬಳಿ ಹದಿನೆಂಟು ನಿಮಿಷ ನಿಂತ. ಆ ಹದಿನೆಂಟು ನಿಮಿಷವನ್ನು ಅವನು ಆಮೇಲೆ ಬದುಕಿನುದ್ದಕ್ಕೂ ನಿಂತೇ ಕಳೆಯಬೇಕಾಗಿತ್ತು. ಉಳಿ, ಸುತ್ತಿಗೆ ಇಲ್ಲದಿದ್ದರೆ ಬಂದ ಕೆಲಸ ಆಗುವುದಿಲ್ಲವೆಂದು ಕಾದ. ಬಂದ ಕೆಲಸವೇ ಬೇರೆಯಾಗಿ ಹೋಗಿದೆಯೆಂದು ತಿಳಿದದ್ದು ಟ್ಯಾಕ್ಸಿಯಲ್ಲಿ ಕೂತು ಒಂಬತ್ತನೆಯ ಸಲ ಫೋನು ಮಾಡಿ, ಯಾರೂ ಎತ್ತದಿದ್ದಾಗ. ಆಗಲೂ ಅವನು ತುರ್ತು ಸೇವೆಯ ಮೂರು ಸೊನ್ನೆಗಳನ್ನು ಒತ್ತಿದ, ಅಳಿಸಿದ. ನಿದ್ದೆ ಮಾಡುತ್ತಿರಬಹುದು. ಆಂಬುಲೆನ್ಸ್ ಬಂದು ಏನೂ ಇಲ್ಲದಿದ್ದರೆ? ಸೋಮವಾರದವರೆಗೆ ಎಷ್ಟು ಪ್ರಶ್ನೆಗಳಿಗೆ ಉತ್ತರ ಹೇಳುವುದು?

ಹೆದ್ದಾರಿಯಲ್ಲಿ ವಾಹನಗಳು ತೆವಳುತ್ತಿದ್ದವು. ಹನ್ನೆರಡಕ್ಕೆ, ಬ್ಲ್ಯಾಕ್‌ಟೌನಿನ ತಿರುವಿಗೆ ಬಂದಾಗ, ಕೊನೆಗೂ ಆ ಮೂರು ಸೊನ್ನೆಗಳನ್ನು ಒತ್ತಿ ವಿಳಾಸ ಹೇಳಿದ.

ಅವನ ಟ್ಯಾಕ್ಸಿಯೇ ಮೊದಲು ತಲುಪಿತು. ಬೆಲ್ ಮಾಡಿದ. ಬಾಗಿಲು ಬಡಿದ. ಹೆಸರು ಹಿಡಿದು ಕೂಗಿದ. ಮಾಲೀಕನ ಬಳಿಯಿರುವ ಬೀಗದ ಕೈಯಿಂದ ಬಾಗಿಲು ತೆಗೆದು ಒಳಗೆ ಓಡಿದ. ಧೂಪದ ಕಂಪು, ಹಿಂದೆಯೇ ಮುಖಕ್ಕೆ ರಾಚಿದ ಸೆಕೆ. ಹಿಂದಿನ ಕೋಣೆಯ ಬಾಗಿಲು ತಳ್ಳಿದರೆ ಕೆಳಗೇನೋ ಅಡ್ಡ ಸಿಕ್ಕಿತು. ಗಾಳಿ ನುಸುಳಬಾರದೆಂದು ಬಾಗಿಲ ಸಂದಿಗೆ ಒಳಗಿನಿಂದ ತುರುಕಿದ್ದ ಹಳೆಯ ಸೀರೆ.

ಹೀಟರಿನ ಉರಿ ನೀಲಿಯಾಗಿರಲಿಲ್ಲ, ಹಳದಿಯಾಗಿ ಓಲಾಡುತ್ತಿತ್ತು. ಆರತಿ ರಗ್ಗಿನಡಿ ಮಲಗಿದ್ದಳು. ಮಲ್ಲವ್ವ ನೆಲದ ಮೇಲೆ ಕೂತು ಗೋಡೆಗೆ ಒರಗಿದ್ದಳು. ಮಡಿಲಲ್ಲಿ ಬಟ್ಟೆಯ ಗಂಟಿನಂತೆ ಕೂಸು. ಮಲ್ಲವ್ವನ ಮುಖ ಕೆಂಪಗೆ, ಆಗಷ್ಟೇ ಮಿಂದು ಬಂದವಳಂತೆ ಕಳೆಕಳೆಯಾಗಿತ್ತು. ಗೋಪೀನಾಥ ಮೊದಲು ಕೂಸನ್ನೆತ್ತಿ ಹಿತ್ತಲಿನ ಹುಲ್ಲಿನ ಮೇಲೆ ಮಲಗಿಸಿದ. ಮರಳಿ ಬಂದು ಆರತಿಯನ್ನು ರಗ್ಗಿನ ಸಮೇತ ಎಳೆದ. ಮೂರನೆಯ ಸಲ ಒಳಗೆ ಹೋದಾಗ ಅವನಿಗೇ ತಲೆ ಸುತ್ತಿತು. ಮಲ್ಲವ್ವನ ಕೈ ಹಿಡಿದ. ಅದು ಬೆಚ್ಚಗಿತ್ತು. ಆದರೆ ಆ ಬಿಸುಪು ಹೀಟರಿನದು.

*

ಆಸ್ಪತ್ರೆಯ ಕಾರಿಡಾರಿನಲ್ಲಿ ಇಬ್ಬರು ಕೂತಿದ್ದರು. ದರ್ಶನನ ಕಾಲ ಬಳಿ ತೊಟ್ಟಿಲ ಸಾಮಾನಿನ ಚೀಲಗಳು ಹಾಗೆಯೇ ಇದ್ದವು. ಅಂಗಡಿಯ ಗದ್ದಲದಲ್ಲಿ ಅವನಿಗೆ ಫೋನು ಕೇಳಿಸಿರಲಿಲ್ಲ. ಮಲ್ಲವ್ವ ಮನೆಯಲ್ಲೇ ತೀರಿಹೋಗಿದ್ದಳು. ಆರತಿಗೆ ಎಚ್ಚರ ಬಂದಿತ್ತು. ಕೂಸು ಉಸಿರಾಡುತ್ತಿತ್ತು, ಯಂತ್ರದ ನೆರವಿನಿಂದ. ಮಿದುಳಿಗೆ ಏನಾಗಿದೆಯೆಂದು ಈಗಲೇ ಹೇಳಲಾಗದು, ದಿನಗಳು ಬೇಕು, ತಿಂಗಳುಗಳೂ ಬೇಕಾಗಬಹುದು ಎಂದು ವೈದ್ಯೆ ಹೇಳಿ ಹೋಗಿದ್ದಳು.

ದರ್ಶನ್ ಬಗ್ಗಿ ಗೋಪೀನಾಥನ ಪಾದ ಮುಟ್ಟಿದ.

"ಬೇಡ, ಬೇಡಪ್ಪ..."

"ನೀವು ಬರದಿದ್ರ ಮೂರೂ ಹೆಣ ಸರ್. ಎಲ್ಲಿಂದಲೋ ದೇವರ ಬಂದಾಂಗ ಬಂದ್ರಿ."

ಗೋಪೀನಾಥ ಕಾಲು ಹಿಂದಕ್ಕೆಳೆದುಕೊಂಡ. ಅವನ ಫೋನಿನಲ್ಲಿ ಕನ್ನಡಿಗರ ಗುಂಪಿನ ಸಂದೇಶಗಳು ಒಂದರ ಹಿಂದೆ ಒಂದು ಬೀಳುತ್ತಿದ್ದವು. ‘ಗೋಪಿ ಸರ್‌ಗೆ ದೊಡ್ಡ ನಮಸ್ಕಾರ.’ ‘ಇಂಥ ಓನರ್ ಎಲ್ಲಿ ಸಿಕ್ತಾರೆ.’ ಕೈಮುಗಿದ ಚಿತ್ರಗಳು. ಅವುಗಳ ನಡುವೆ ವಿಜಯಾಳ ಒಂದೇ ಒಂದು ಸಾಲು: ‘ಹೇಳಿದ್ರಾ?’

"ಪೊಲೀಸರು ಬಂದು ಕೇಳತಾರಂತ ಸರ್," ದರ್ಶನ್ ನೆಲ ನೋಡುತ್ತ ಹೇಳಿದ. "ನಾ ಎಲ್ಲಾ ಹೇಳಿಬಿಡ್ತೀನಿ. ಹೋದ ವಾರ ಅವ್ವ ಕಿಡಕಿ ಸಂದ್ಯಾಗಿಂದ ಗಾಳಿ ಬರತೈತಿ ಅಂದ್ಲು. ನಾನ ಟೇಪ್ ತಂದು ನಾಕೂ ಕಡೆ ಬಡದೆ. ನೀವು ಕಿಡಕಿ ತಗೀರಿ ಅಂದಾಗರ ಕಿತ್ತಿದ್ರ ಆಗತಿತ್ತು. ಮಾಲಕರು ಗ್ಯಾಸ್ ಉಳಸಾಕ ಹೇಳಾಕತ್ತಾರ ಅಂತ ನಾವು ನಕ್ವಿ ಸರ್. ನಾನ ಕೊಂದೆ ನಮ್ಮವ್ವನ್ನ."

ಕಾರಿಡಾರಿನ ಆ ತುದಿಯಲ್ಲಿ ಸಮವಸ್ತ್ರದ ಹೆಂಗಸೊಬ್ಬಳು ದಾದಿಯೊಡನೆ ಮಾತಾಡುತ್ತ ನಿಂತಿದ್ದಳು. ನೋಟ್‌ಬುಕ್ಕಿನ ಹಾಳೆ ತಿರುವುತ್ತಿದ್ದಳು.

ಗೋಪೀನಾಥನೆದುರು ಒಂದು ಬಾಗಿಲು ತಾನಾಗಿ ತೆರೆದು ನಿಂತಿತ್ತು. ಅದರೊಳಗೆ ಹೋಗಲು ಸುಳ್ಳಾಡಬೇಕಾಗಿರಲಿಲ್ಲ. ಸುಮ್ಮನಿದ್ದರೆ ಸಾಕು. ಕಿಟಕಿಗೆ ಟೇಪ್, ಬಾಗಿಲಿಗೆ ಸೀರೆ, ಹಳೆಯ ಹೀಟರ್. ಬಿಳಿ ಗೋಡೆಯನ್ನು ಯಾರು ಕೆರೆದು ನೋಡುತ್ತಾರೆ? ಮಾಲೀಕ ಹಿಂದಿನ ದಿನವೇ ಎಚ್ಚರಿಸಿದ್ದನೆಂದು ಬಾಡಿಗೆಯವನೇ ಸಾಕ್ಷಿ ಹೇಳುತ್ತಾನೆ. ಈ ಹುಡುಗ ತಾಯಿಯನ್ನು ಕೊಂದವನೆಂದು ಬದುಕಿನುದ್ದಕ್ಕೂ ನಂಬಿಕೊಂಡಿರುತ್ತಾನೆ. ಅಷ್ಟೇ ತಾನೆ.

"ನೀನಲ್ಲ," ಎಂದ ಗೋಪೀನಾಥ. ಅವನ ದನಿ ಅವನಿಗೇ ಅಪರಿಚಿತವಾಗಿತ್ತು.

"ಸಮಾಧಾನಕ್ಕ ಹೇಳಬ್ಯಾಡ್ರಿ ಸರ್."

"ಸಮಾಧಾನಕ್ಕಲ್ಲ. ಆ ಕೋಣೆ ಗೋಡೇಲಿ ಎರಡು ಗಾಳಿಕಂಡಿ ಇತ್ತು ದರ್ಶನ್. ಆ ಹೀಟರ್‌ಗೆ ಅಂತಲೇ ಇಟ್ಟಿದ್ದು. ನಾನು ಅವನ್ನ ಮುಚ್ಚಿದೆ. ವಾಸ್ತು ಸರಿಯಿಲ್ಲ ಅಂತ. ಕಿಟಕಿಗೆ ನೀನು ಟೇಪ್ ಹಾಕಿದ್ರೂ ಅವೆರಡು ಇದ್ದಿದ್ರೆ ಹೀಗಾಗ್ತಿರಲಿಲ್ಲ."

ದರ್ಶನ್ ತಲೆಯೆತ್ತಿದ.

"ನಿಮಗ ಗೊತ್ತಿರಲಿಲ್ಲಲ್ರಿ ಸರ್," ಎಂದ ನಿಧಾನವಾಗಿ. ಆಗಲೂ ಅದೇ ದಾಕ್ಷಿಣ್ಯ. "ಗೊತ್ತಿಲ್ದ ಆಗಿದ್ದು."

"ನಿನ್ನೆ ಐದು ಗಂಟೆಗೆ ಗೊತ್ತಾಯ್ತು."

"ನಿನ್ನಿ..."

"ನಿನಗೆ ಫೋನ್ ಮಾಡೋದಕ್ಕೆ ಮೊದಲು."

ದರ್ಶನ್ ಕೂಗಲಿಲ್ಲ, ಕೈಯೆತ್ತಲಿಲ್ಲ. ಕುರ್ಚಿಯಲ್ಲಿ ಒಂದು ಗೇಣು ಆಚೆ ಸರಿದು ಕೂತ, ಅಷ್ಟೆ. ಆ ಒಂದು ಗೇಣನ್ನು ಗೋಪೀನಾಥ ಮೈಯೆಲ್ಲ ಕಿವಿಯಾಗಿ ಕೇಳಿಸಿಕೊಂಡ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಆಗ ದರ್ಶನನ ಫೋನು ಬಡಿದುಕೊಂಡಿತು. ಗದಗದಿಂದ ಅವನ ಅಣ್ಣ. ಸಾವಿನ ಸುದ್ದಿಯನ್ನು ಆಗಲೇ ತಿಳಿಸಿಯಾಗಿತ್ತು. ಈಗ ಊರವರೆಲ್ಲ ನೆರೆದಿದ್ದರೆಂದು ಕಾಣುತ್ತದೆ, ಹೆಂಗಸರ ಅಳು ಕಾರಿಡಾರಿನವರೆಗೆ ಕೇಳಿಸುತ್ತಿತ್ತು.

"ಹೂಂ ಅಣ್ಣಾ... ಹೂಂ. ಆರತಿ ಅದಾಳ... ಕೂಸು ಇನ್ನೂ ಗೊತ್ತಿಲ್ಲ..." ಸ್ವಲ್ಪ ಹೊತ್ತು ಆಚೆಯ ಮಾತು ಕೇಳಿದ. "ಹೆಂಗ ಆತು ಅಂದ್ರ..."

ದರ್ಶನನ ಕಣ್ಣು ಗೋಪೀನಾಥನ ಮೇಲೆ ನಿಂತಿತು. ಅದರಲ್ಲಿ ಸಿಟ್ಟಿರಲಿಲ್ಲ, ನೀರೂ ಇರಲಿಲ್ಲ. ಫೋನನ್ನು ಕಿವಿಯಿಂದ ತೆಗೆದು ಮುಂದೆ ಚಾಚಿದ.

"ನನಗ ಹೇಳಾಕ ಆಗೂದಿಲ್ಲ. ನೀವ ಹೇಳ್ರಿ."

ಗೋಪೀನಾಥ ಫೋನು ತೆಗೆದುಕೊಂಡ. ಕಾರಿಡಾರಿನ ತುದಿಯ ಪೊಲೀಸಿನವಳು ಮಾತು ಮುಗಿಸಿ ಇತ್ತ ನಡೆದು ಬರುತ್ತಿದ್ದಳು.

"ಹಲೋ? ಯಾರ್ರೀ ಮಾತಾಡೋದು?" ಆಚೆಯ ದನಿ ಅತ್ತು ಅತ್ತು ಒಡೆದಿತ್ತು.

"ನಾನು ಗೋಪೀನಾಥ. ಆ ಮನೆ ಮಾಲೀಕ."

"ಮಾಲಕರೇನ್ರಿ? ನಮ್ಮ ಹುಡುಗ್ರಿಗೆ ಪರದೇಶದಾಗ ಮನಿ ಕೊಟ್ಟವರು ನೀವು. ಅವ್ವ ಫೋನ್ ಮಾಡಿದಾಗೊಮ್ಮೆ ನಿಮ್ಮ ಹೆಸರು ತಗೀತಿದ್ಲರಿ. ಏನಾತ್ರಿ ಅಲ್ಲಿ? ಚಂದಂಗ ಇದ್ದಾಕಿ, ಒಮ್ಮಿಂದೊಮ್ಮೆ ಹೆಂಗ ಹ್ವಾದ್ಲು?"

ಗೋಪೀನಾಥ ಎದ್ದು ನಿಂತ. ಕೂತು ಹೇಳುವ ಮಾತಾಗಿರಲಿಲ್ಲ ಅದು.

"ನಿಮ್ಮ ತಾಯಿ ಮಲಗ್ತಿದ್ದ ಕೋಣೆಗೆ ಗಾಳಿ ಬರೋ ದಾರಿ ಇತ್ತು," ಎಂದು ಶುರುಮಾಡಿದ.

ದರ್ಶನ್ ಕದಲದೆ ಕೂತಿದ್ದ, ಒಂದು ಮಾತೂ ತಪ್ಪಿಹೋಗದ ಹಾಗೆ ಕೇಳಿಸಿಕೊಳ್ಳುತ್ತ.